ಕರಿಬಸಪ್ಪನವರ ಬೇರೆ ತಟ್ಟೆ

ಹಿರಿಯೂರು, ೨೧೯೧, ಎರಡನೇ ಬೇಸಿಗೆಯ ಹನ್ನೊಂದನೆಯ ದಿನ

ನೂರ ಅರವತ್ತು ವರ್ಷ ಹಿಂದಿನ ಅಡುಗೆಮನೆಯಲ್ಲಿ ನಿಂತಿರುವವರಿಗೆ,

ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಈಗ ವರ್ಷಕ್ಕೆ ಎರಡು ಬೇಸಿಗೆ, ಹಾಗಾಗಿ ತಾರೀಖೂ ಹೀಗಿದೆ. ಸಕ್ಕರೆ ಕಾಯಿಲೆಯನ್ನು ನಾವು ಗೆದ್ದಿರುತ್ತೇವೆ ಎಂದು ನೀವು ನಂಬಿದ್ದರೆ ಅದಕ್ಕೂ ಕ್ಷಮೆ ಇರಲಿ. ಮಾತ್ರೆಗಳು ಸುಧಾರಿಸಿವೆ. ಮಣಿಕಟ್ಟಿಗೆ ಅಂಟಿಸಿಕೊಳ್ಳುವ ರಕ್ತಗನ್ನಡಿ ಕ್ಷಣಕ್ಷಣಕ್ಕೂ ಸಕ್ಕರೆಯ ಮಟ್ಟ ತೋರಿಸುತ್ತದೆ. ತಟ್ಟೆಗೆ ಏನು ಬೀಳಬೇಕೆಂಬುದನ್ನು ಮಾತ್ರ ಈಗಲೂ ನಾವೇ ತೀರ್ಮಾನಿಸಬೇಕು.

ನೀರು, ಉರುವಲು ಕಡಿಮೆಯಾದ ಮೇಲೆ ಹನ್ನೊಂದು ಮನೆಗಳಿಗೆ ಒಂದೇ ಒಲೆ. ಅದಕ್ಕೆ ಓಣಿಯಡುಗೆ ಎನ್ನುತ್ತೇವೆ. ಬಿಸಿಲೇರುವ ಮೊದಲು ಒಂದು ಊಟ, ಇಳಿದ ಮೇಲೆ ಇನ್ನೊಂದು. ಅಕ್ಕಿ ಹಬ್ಬಕ್ಕೆ ಮಾತ್ರ. ಉಳಿದ ದಿನ ರಾಗಿ, ಹುರುಳಿ, ಅವರೆ, ಸೊಪ್ಪು. ಇಂಥ ಊಟದಲ್ಲಿ ಸಕ್ಕರೆ ಎಲ್ಲಿಂದ ಬರಬೇಕು ಎಂದು ಸಕ್ಕರೆ ಕಾಯಿಲೆಯಿರುವ ನನ್ನ ಮಾವ ಕರಿಬಸಪ್ಪನವರೂ ಕೇಳುತ್ತಿದ್ದರು. ರಾಗಿ ಏನೂ ಮಾಡುವುದಿಲ್ಲವೆಂಬ ಧೈರ್ಯದಲ್ಲಿ ಹೊತ್ತಿಗೆ ಮೂರು ಮುದ್ದೆ ಮುರಿಯುತ್ತಿದ್ದರು.

ಅವರು ಹನ್ನೊಂದು ಮನೆಗೂ ಬಿತ್ತನೆ ಬೀಜ ಆರಿಸಿಕೊಡುವವರು. ಹೋದ ವರ್ಷ ಕಣ್ಣಿನ ಡಾಕ್ಟರು, ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿಯನ್ನು ಹತ್ತರಿಂದ ನಿಧಾನವಾಗಿ ಏಳರ ಹತ್ತಿರಕ್ಕೆ ಇಳಿಸದಿದ್ದರೆ ಎಡಗಣ್ಣು ಉಳಿಯುವುದು ಕಷ್ಟ ಎಂದರು. ಬಲಗಣ್ಣು ಮೊದಲೇ ಮಂಜು.

ನಾನು ಓದಿದವಳು, ಲೆಕ್ಕಾಚಾರದವಳು. ಅವರಿಗೆ ಬೇರೆ ಪಾತ್ರೆ, ನೀಲಿ ತಟ್ಟೆ, ತೂಗಿ ಇಟ್ಟ ಊಟ ಎಂದು ಗೊತ್ತುಮಾಡಿದೆ. ಮಾವ ಮೂಲೆಯಲ್ಲಿ ಒಬ್ಬರೇ ಕೂತು ಅದನ್ನೇ ತಿಂದರು. ಆದರೂ ಸಂಜೆಯಾದರೆ ರಕ್ತಗನ್ನಡಿಯ ಅಂಕಿ ಏರುತ್ತಿತ್ತು. ಯಂತ್ರವೇ ಕೆಟ್ಟಿದೆ ಎಂದುಕೊಂಡು ಎರಡು ಸಲ ಬದಲಾಯಿಸಿದೆ.

ಒಂದು ಸಂಜೆ ನೋಡಿದರೆ ಪಕ್ಕದ ಮನೆಯ ಓಬಳಮ್ಮ ಮಾವನ ಬಾಯಿಗೆ ಮುದ್ದೆಯ ತುತ್ತು ಇಡುತ್ತಿದ್ದಳು. "ಪಾಪ, ಆ ರೋಗಿ ತಟ್ಟೇಲಿ ಏನೈತೆ ಮಾವ? ಒಂದ್ ತುತ್ತಿಗೆ ಕಣ್ಣೇನು ಓಡೋಯ್ತದಾ?" ನಮ್ಮ ಓಣಿಯಲ್ಲಿ ಕೈತುತ್ತು ಬೇಡವೆನ್ನುವುದು ಮುಖಕ್ಕೆ ಹೊಡೆದ ಹಾಗೆ. ವಿಚಾರಿಸಿದರೆ ಎಲ್ಲ ಮನೆಯವರೂ ಮರುಕಪಟ್ಟು ಒಂದೊಂದು ತುತ್ತು ಕೊಡುತ್ತಿದ್ದರು.

ನಾನು ಕೂಗಾಡಿದೆ. ಮಾವ ತಲೆಯೆತ್ತಲಿಲ್ಲ. "ಜಾತಿ ಕೆಟ್ಟೋನ್ ಥರ ನೀನು ನನ್ನ ಮೂಲೇಲಿ ಕೂರಿಸ್ದೆ ಕಣವ್ವ. ಕರೆದೋರ ಹತ್ರ ಹೋದೆ."

ನಾನು ಕಾಯುತ್ತಿದ್ದುದು ಅವರ ಕಣ್ಣನ್ನೋ, ನನ್ನ ಅಂಕಿಯನ್ನೋ? ಇವತ್ತಿಗೂ ಖಚಿತವಾಗಿ ಹೇಳಲಾರೆ. ಮಾರನೆಯ ದಿನ ನೀಲಿ ತಟ್ಟೆಯನ್ನು ಕೋಳಿಗೆ ನೀರಿಡಲು ಕೊಟ್ಟು, ಓಣಿಯವರನ್ನೆಲ್ಲ ಕೂರಿಸಿ ಕೇಳಿಕೊಂಡೆ: ಎಲ್ಲರಿಗೂ ಒಂದೇ ಊಟ. ಮೊದಲು ಬಟ್ಟಲು ತುಂಬ ಸೊಪ್ಪಿನ ಪಲ್ಯ, ಮೊಳಕೆ ಕಾಳು, ಸೌತೆಕಾಯಿ. ಅವು ಮುಗಿದ ಮೇಲೆ ಕಾಳಿನ ಸಾರಿನ ಜೊತೆ ನಿಂಬೆಗಿಂತ ಸ್ವಲ್ಪ ದೊಡ್ಡ ಮುದ್ದೆ. ಬೇಕಾದರೆ ಮಜ್ಜಿಗೆ.

"ಕಾಯ್ಲೆ ಅವ್ರಿಗಾ, ನಮಗಾ?" ಎಂದಳು ಓಬಳಮ್ಮ. ಬಡಿಸುವ ಸೌಟನ್ನು ಅವಳ ಕೈಗೇ ಕೊಟ್ಟೆ. ಕೈತುತ್ತನ್ನು ನಿಲ್ಲಿಸಲು ಹೋಗಲಿಲ್ಲ; ಅದರೊಳಗೆ ಮುದ್ದೆಯ ಬದಲು ಪಲ್ಯ ಬಂತು. "ಬಾಯಿ ತೆಗಿ ಮಾವ. ಇದ್ನೂ ಬ್ಯಾಡ ಅಂದ್ರೆ ನಿನ್ ಸೊಸೆ ನನ್ನೇ ತೂಕಕ್ಕೆ ಹಾಕ್ತಾಳೆ!" ಮಾವ ನಗುತ್ತ ಬಾಯಿ ತೆರೆದರು. ಮುದ್ದೆ ಕಡಿಮೆಯಾದಾಗ ಸಕ್ಕರೆ ಕುಸಿಯದಿರಲೆಂದು ಡಾಕ್ಟರನ್ನು ಕೇಳಿಯೇ ಮಾತ್ರೆಯ ಪ್ರಮಾಣ ಬದಲಿಸಿದೆವು.

ಎಂಟು ತಿಂಗಳಿಗೆ ಸರಾಸರಿ ಏಳೂಕಾಲು. ಹೋದ ನೋಟ ಮರಳಲಿಲ್ಲ, ಆದರೆ ಇದ್ದದ್ದು ಉಳಿಯಿತು. ಈ ಪತ್ರ ಬರೆಯುವಾಗ ಅವರು ಜಗಲಿಯಲ್ಲಿ ಹುರುಳಿ ಬೀಜದಿಂದ ಹುಳುಕು ಬೇರ್ಪಡಿಸುತ್ತಿದ್ದಾರೆ.

ನಿಮ್ಮಲ್ಲಿ ಒಂದು ಕೋರಿಕೆ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದೆಯೆಂದು ತಿಳಿದ ದಿನ ಅವರೊಬ್ಬರ ಊಟ ಬದಲಿಸಬೇಡಿ. ಅದೇ ಸೊಪ್ಪು, ಅದೇ ಕಾಳು, ಅಷ್ಟೇ ಚಿಕ್ಕ ಮುದ್ದೆಯನ್ನು ನಿಮಗೂ ಬಡಿಸಿಕೊಂಡು, ಅವರ ಪಕ್ಕದಲ್ಲಿ ಕೂತು ಉಣ್ಣಿ.