ಕಂಟ್ರೋಲ್ ಟ್ಯೂಬಿಗೆ ಹಾಕದ ಪುಡಿ

೨೦೧೪ ಫೆಬ್ರವರಿ ೩, ಸೋಮವಾರ

ಪೆಂಡೆಲ್‌ತೋಗ್, ಇಲ್ಲಿಯ ಲೋಕಲ್ ಟ್ರೇನು, ಮತ್ತೆ ತಡ. ಸೊಲ್ಲೆಂಟುನಾದಿಂದ ಫ್ಲೆಮಿಂಗ್ಸ್‌ಬೆರ್ಯ್ ಲ್ಯಾಬ್ ತಲುಪುವಷ್ಟರಲ್ಲಿ ಹತ್ತು ದಾಟಿತ್ತು. ಬಿಎಸ್‌ಎ ಪುಡಿಯ ಬಾಟಲಿಯ ತಳ ಕೆರೆದೆ. ಖಾಲಿ. ಆರ್ಡರ್ ಮಾಡಹೋದರೆ ಕಂಪನಿಯಲ್ಲಿ ಹಳೆಯ ತರಹದ್ದು ಸ್ಟಾಕ್ ಇಲ್ಲವಂತೆ, ಕೊಬ್ಬು ತೆಗೆದದ್ದು ಮಾತ್ರ ಇದೆಯಂತೆ. ಬರಲಿ, ಇನ್ನೂ ಶುದ್ಧ.

ನನ್ನ ಪೆಪ್ಟೈಡ್ ಹಾಕಿದರೆ ಜೀವಕೋಶಗಳು ಹೆಚ್ಚು ಇನ್ಸುಲಿನ್ ಬಿಡುತ್ತವೆ — ಥೀಸಿಸ್ ಎಂದರೆ ಇಷ್ಟೇ. ಜರ್ನಲ್‌ನವರು ಮತ್ತೊಮ್ಮೆ ಮಾಡಿ ತೋರಿಸಿ ಎಂದ ಒಂದು ಪ್ರಯೋಗದ ರಿಪೀಟ್ ಮುಗಿದರೆ ಪ್ರಿಂಟಿಗೆ. ಏಪ್ರಿಲಿನಲ್ಲಿ ಸ್ಪೀಕ್ನಿಂಗ್. ಥೀಸಿಸ್ಸಿಗೆ ತೂತು ಕೊರೆದು ಎಲ್ಲರೆದುರು ಹಲಗೆಗೆ ಮೊಳೆ ಹೊಡೆಯುವುದು ಇಲ್ಲಿಯ ಪದ್ಧತಿ. ಅಮ್ಮ ಆಗಲೇ ಟಿಕೆಟ್ ತೆಗೆಸಿದ್ದಾಳೆ.

"ಆ ಪುಡಿ ಕೆಲಸ ಮುಗೀತೇನೇ ನಳಿನಿ?" ಎಂದು ಫೋನಿನಲ್ಲಿ ಕೇಳಿದಳು. ಬಿಎಸ್‌ಎ ಹಸುವಿನ ರಕ್ತದ ಪ್ರೊಟೀನ್ ಎಂದು ಹೇಳಿಲ್ಲ. ಶುಕ್ರವಾರ ಬೀದಿ ಹಸುವಿಗೆ ಬಾಳೆಹಣ್ಣು ಕೊಡದೆ ಕಾಫಿ ಮುಟ್ಟದವಳು. ಪ್ರೊಟೀನ್ ಪುಡಿ ಎಂದಿದ್ದೇನೆ. ಸುಳ್ಳೇನಲ್ಲ.

ಫೆಬ್ರವರಿ ೧೯, ಬುಧವಾರ

ಹೊಸ ಬಿಎಸ್‌ಎ ಹಾಕಿ ರಿಪೀಟ್ ಮಾಡಿದೆ, ಏನೂ ಬರಲಿಲ್ಲ. ಪೆಪ್ಟೈಡ್ ಇದ್ದ ಟ್ಯೂಬು, ಹೋಲಿಕೆಗೆಂದು ಇಟ್ಟ ಪೆಪ್ಟೈಡ್ ಇಲ್ಲದ ಕಂಟ್ರೋಲ್ ಟ್ಯೂಬು ಎರಡೂ ಒಂದೇ. ಪೆಪ್ಟೈಡ್ ಕೆಟ್ಟಿರಬೇಕೆಂದು ಹೊಸದು ಒಡೆದೆ. ಅದೂ ಅಷ್ಟೇ.

ಫೀಕಾದಲ್ಲಿ, ಎಲ್ಲರೂ ಸೇರುವ ಕಾಫಿ ಬಿಡುವಿನಲ್ಲಿ, ಅದಿತಿ ಪಕ್ಕ ಕೂತಳು. ಮೈಸೂರಿನವಳು, ಹೋದ ವರ್ಷ ಸೇರಿದ ಪಿಎಚ್‌ಡಿ ಸ್ಟೂಡೆಂಟ್.

"ಅಕ್ಕಾ, ಕಂಟ್ರೋಲ್‌ಗೂ ಹೊಸ ಬಿಎಸ್‌ಎನೇ ಹಾಕಿದ್ರಾ?"

"ಕಂಟ್ರೋಲ್‌ಗೆ ಬಿಎಸ್‌ಎ ಹಾಕಲ್ಲ. ಬರೀ ಬಫರ್."

"ಮೊದಲಿಂದನೂ?"

ಬನ್ ಅಲ್ಲೇ ಬಿಟ್ಟು ಹಳೆಯ ನೋಟ್‌ಬುಕ್ ತೆಗೆದು ನೋಡಲು ಎದ್ದೆ.

ಫೆಬ್ರವರಿ ೨೧, ಶುಕ್ರವಾರ

ಪಕ್ಕದ ಲ್ಯಾಬಿನಿಂದ ಹಳೆಯ ತರಹದ ಬಿಎಸ್‌ಎ ಕೇಳಿ ತಂದೆ. ಪೆಪ್ಟೈಡ್ ಹಾಕದೆ ಜೀವಕೋಶಗಳಿಗೆ ಅದೊಂದನ್ನೇ ಕೊಟ್ಟೆ. ಇನ್ಸುಲಿನ್ ಏರಿತು. ಥೀಸಿಸ್ಸಿನ ಗ್ರಾಫೇ ಎದ್ದು ಬಂದಂತಿತ್ತು. ಹಳೆಯ ಬಿಎಸ್‌ಎ ಹೊತ್ತು ತರುವ ಕೊಬ್ಬಿನ ಕೆಲಸ ಅದು. ನನ್ನ ಪೆಪ್ಟೈಡ್ ಏನೂ ಮಾಡುವುದಿಲ್ಲ. ಎಂದೂ ಮಾಡಿರಲಿಲ್ಲ.

ಪೆಪ್ಟೈಡ್ ಪ್ಲಾಸ್ಟಿಕ್ಕಿಗೆ ಅಂಟದಿರಲಿ ಎಂದು ಬಿಎಸ್‌ಎ ಹಾಕುವುದು. ಕಂಟ್ರೋಲಿನಲ್ಲಿ ಅಂಟುವಂಥದ್ದೇನೂ ಇಲ್ಲ, ಬೇಡದ ಕಡೆ ಯಾಕೆ ಅಂದುಕೊಂಡಿದ್ದೆ... ಅಷ್ಟೇ ಅಲ್ಲ. ಕೈ ಹಿಂಜರಿಯುತ್ತಿತ್ತು. ಆ ಪುಡಿಯನ್ನು ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಸಮಾಧಾನ. ಗ್ಲವ್ಸ್ ಇದ್ದರೂ ಎರಡು ಸಲ ಕೈ ತೊಳೆಯುತ್ತಿದ್ದೆ. ಲ್ಯಾಬಿಗೆ ಮಡಿ ತಂದವಳು ನಾನೊಬ್ಬಳೇ ಇರಬೇಕು.

ಮನೆಗೆ ಬಂದು ಗೋಪೀನಾಥನಿಗೆ ಹೇಳಿದೆ. ಊಟದ ತಟ್ಟೆ ಸರಿಸಿದ.

"ಹಳೇ ಬಿಎಸ್‌ಎಲೇ ರಿಪೀಟ್ ಮಾಡಿ ಕಳಿಸು. ಯಾರು ಕೇಳ್ತಾರೆ?"

"ನನಗೆ ಗೊತ್ತಲ್ಲ."

"ಜೂನ್‌ಗೆ ನಿನ್ನ ಫಂಡಿಂಗ್ ಮುಗಿಯತ್ತೆ. ಅದೂ ಗೊತ್ತಲ್ಲ?"

ಕೆಟ್ಟವನಲ್ಲ ನನ್ನ ಗಂಡ. ಹೆದರಿದ್ದಾನೆ. ನಾನೂ.

ಮಾರ್ಚ್ ೧೦, ಸೋಮವಾರ

ಹೇಳಿದೆ. ಗೈಡ್ ಗುನಿಲ್ಲಾ ಬೈಯಲಿಲ್ಲ. ಇಲ್ಲಿ ಯಾರೂ ಬೈಯುವುದಿಲ್ಲ. ಬೈದಿದ್ದರೆ ಅತ್ತಾದರೂ ಬಿಡುತ್ತಿದ್ದೆ. ನನ್ನ ಲೋಟಕ್ಕೆ ಕಾಫಿ ಬಗ್ಗಿಸಿ, ಹೇಳಿದ್ದು ಒಳ್ಳೆಯದಾಯಿತು ಎಂದಳು. ಪೇಪರ್ ವಾಪಸ್. ಏಪ್ರಿಲ್ ರದ್ದು. ಮುಂದೇನು ಎಂದರೆ "ವೀ ಫೋರ್ ಸೇ", ನೋಡೋಣ ಎಂದಳು. ಈ ಊರಿನ ನೋಡೋಣ ಎಂದರೆ ಬಹುಮಟ್ಟಿಗೆ ಇಲ್ಲ ಎಂದೇ ಎಂದು ಇಷ್ಟು ವರ್ಷದಲ್ಲಿ ಕಲಿತಿದ್ದೇನೆ.

ಮಾರ್ಚ್ ೧೬, ಭಾನುವಾರ

ಟಿಕೆಟ್ ಕ್ಯಾನ್ಸಲ್ ಮಾಡಿಸು ಎಂದೆ. ಯಾಕೆಂದಳು ಅಮ್ಮ. ಎಲ್ಲ ಹೇಳಿದೆ, ಹಸುವಿನ ರಕ್ತ ಎಂದೂ.

"ಅದಕ್ಕೇ ಹಾಕ್ದೆ ಬಿಟ್ಯಾ?"

"ಹೂಂ."

"ನಿಮ್ಮಪ್ಪಂಗೆ ಮೊದಮೊದಲು ಕೊಡ್ತಿದ್ದ ಇನ್ಸುಲಿನ್ನೂ ಹಸುವಿಂದೇ ಕಣೇ. ಡಾಕ್ಟ್ರು ಹೇಳೇ ಕೊಟ್ಟಿದ್ರು. ನಾನೇ ದಿನಾ ಚುಚ್ತಿದ್ದೆ. ಆಮೇಲೆ ಕೈ ತೊಳ್ಕೊಂಡು ದೀಪ ಹಚ್ತಿದ್ದೆ. ನಿಂಗೆ ಮುಟ್ಟಬಾರ್ದು ಅಂತ ಯಾರೇ ಹೇಳಿದ್ದು?"

ಯಾರೂ ಹೇಳಿರಲಿಲ್ಲ.

ಮಾರ್ಚ್ ೧೮, ಮಂಗಳವಾರ, ಟ್ರೇನಿನಲ್ಲಿ

ಇವತ್ತು ಸುಮ್ಮನೆ ಎರಡು ಟ್ಯೂಬ್ ಇಟ್ಟೆ. ಪೆಪ್ಟೈಡ್ ಒಂದಕ್ಕೆ ಮಾತ್ರ, ಎರಡಕ್ಕೂ ಒಂದೇ ಅಳತೆ ಪುಡಿ. ಗ್ಲವ್ಸ್ ಹಾಕಲಿಲ್ಲ. ತೆಳು ಹಳದಿ, ಹಗುರ, ಬೆರಳಿಗೆ ಅಂಟಿತು. ಏನೂ ಅನ್ನಿಸಲಿಲ್ಲ. ಫಲಿತಾಂಶ ಗೊತ್ತಿದ್ದದ್ದೇ — ಎರಡೂ ಸಮ.

ಬರುವಾಗ ಹಲಗೆಯ ಮೇಲೆ ಯಾರದೋ ಹೊಸ ಥೀಸಿಸ್. ಮೊಳೆ ಸ್ವಲ್ಪ ಸೊಟ್ಟ. ನೆಟ್ಟಗೆ ಮಾಡೋಣವೆಂದು ಕೈ ಎತ್ತಿದವಳು ಸುಮ್ಮನಾದೆ. ನನ್ನದಲ್ಲವಲ್ಲ.

ಸೊಲ್ಲೆಂಟುನಾ ಬಂತು. ಗೋಪೀನಾಥ ಸ್ಟೇಷನ್ನಿಗೆ ಬಂದಿದ್ದಾನೆ, ಕಿಟಕಿಯಿಂದ ಕಾಣುತ್ತಿದ್ದಾನೆ. ಜೂನ್ ಆದಮೇಲೆ ಏನು ಎಂದು ಕೇಳುತ್ತಾನೆ. ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಇದಂತೂ ಸುಳ್ಳಲ್ಲ.