ಏಲುಮೆ ಎಂಬ ಪದ ಹುಟ್ಟಿದ ದಿನ

ತೇಲೂರು, ನೀರೇರಿದ ನೂರ ಎಂಬತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳ ಎರಡನೆಯ ಬೆಳಗು

ನಮಗಿಂತ ಮುಂಚೆ ಬಾಳಿದವರೇ,

ನನ್ನ ಕನ್ನಡ ಮುತ್ತಜ್ಜಿಯ ಕಾಲದಿಂದ ಮನೆಯೊಳಗೇ ಉಳಿದು ಬಂದದ್ದು, ವಿಚಿತ್ರವೆನಿಸಿದರೆ ಮನ್ನಿಸಿ. ಅಕ್ಷರ ಸೊಟ್ಟಗಿರುವುದಕ್ಕೆ ಕಾರಣ ಬೇರೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಹಗ್ಗ ಸುತ್ತಿದೆ, ಹಗ್ಗದ ಆ ತುದಿಯಲ್ಲಿ, ಕಡಲ ತಳದಲ್ಲಿ, ನನ್ನ ಮಗಳು ಕಡಲಿ ಇದ್ದಾಳೆ. ಇವತ್ತೇ ಮೊದಲ ಸಲ ಇಳಿದಿದ್ದಾಳೆ. ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ!

ನಮ್ಮದು ತೇಲುವ ಊರು. ಐದು ಭಾಷೆಯ ಜನ ಇಲ್ಲಿ ಬಂದು ಸೇರಿದಾಗ ಹಿರಿಯರೆಲ್ಲ ಕೂತು ಕೂಡುಮಾತು ಎಂಬ ಹೊಸ ಭಾಷೆ ಕಟ್ಟಿದರು. ಮೊದಲು ಅರ್ಥ ಗೊತ್ತುಮಾಡಬೇಕು, ಆಮೇಲೆ ಪದ ಮಾಡಬೇಕು ಎಂಬುದು ಅವರ ಕಟ್ಟಪ್ಪಣೆ. ಉಪ್ಪಿಗೆ, ಗಾಳಿಗೆ, ಅತ್ತೆಯ ಸಿಟ್ಟಿಗೆ ಕೂಡ ಪದ ಸಿದ್ಧವಾಯಿತು. ಕಾದು ಕೂತವರು ಹೇಳಿಕೊಳ್ಳುವುದಕ್ಕೆ ಮಾತ್ರ ಒಂದು ಪದ ಮಾಡಲು ಮರೆತರು.

ನಾವು ತಳದಲ್ಲಿ ಪಾಚಿ ಬೆಳೆಯುತ್ತೇವೆ. ನೀರಿನಿಂದಲೇ ಉಸಿರು ಹಿಂಡಿಕೊಡುವ ಗಾಳಿಬುಟ್ಟಿಯನ್ನು ಮುಖಕ್ಕೆ ಕಟ್ಟಿಕೊಂಡು ಇಳಿಯುತ್ತೇವೆ. ತಳದ ರಾಡಿನೀರಿನಲ್ಲಿ ಯಾವ ಯಂತ್ರವೂ ಮಾತು ದಾಟಿಸುವುದಿಲ್ಲ, ಹಗ್ಗವೇ ಗತಿ. ಒಮ್ಮೆ ಎಳೆದರೆ ತಳ ಮುಟ್ಟಿದೆ ಎಂದು, ಮೂರು ಸಲ ಎಳೆದರೆ ಮೇಲೆತ್ತಿ ಎಂದು. ನನ್ನ ಮುತ್ತಜ್ಜಿ ಸುಕ್ರಿಯ ಗಂಡ ಒಂದು ಬೆಳಗ್ಗೆ ಇಳಿದವನು ಮಧ್ಯಾಹ್ನ ಕಳೆದರೂ ಎಳೆಯಲಿಲ್ಲ. ಹಗ್ಗ ಎಲ್ಲೋ ಕಲ್ಲಿಗೆ ಸಿಕ್ಕಿಕೊಂಡಿತ್ತು. ಜೊತೆಯವರು ಆಸೆ ಬಿಟ್ಟರು. ಸುಕ್ರಿ ಮಾತ್ರ, "ನೀವೆಲ್ಲ ಹೋಗಿ, ನಾ ಹಗ್ಗ ಬಿಡೂದಿಲ್ಲ" ಎಂದು ಕೂತೇಬಿಟ್ಟಳು. ಅಳು ಬಾರದಿರಲೆಂದು ಬಾಯಿಗೆ ಬಂದ ಸದ್ದನ್ನೇ ಹೇಳುತ್ತ ಹೋದಳು: ಏಲುಮೆ, ಏಲುಮೆ. ಸಂಜೆಗೆ, ಅವನು ಹೇಗೋ ಬಿಡಿಸಿಕೊಂಡ ಮೇಲೆ, ಹಗ್ಗ ಮೂರು ಸಲ ಅಲುಗಿತು.

ಅರ್ಥವಿಲ್ಲದೆ ಹುಟ್ಟಿದ್ದೆಂದು ಹಿರಿಯರು ಅದನ್ನು ಪದಕೋಶಕ್ಕೆ ಸೇರಿಸಲೇ ಇಲ್ಲ. ಜನ ಕೇಳಬೇಕಲ್ಲ! ಹೆರಿಗೆ ಕೋಣೆಯ ಹೊರಗೆ, ಕಾಯಿಲೆಯವರ ಮಂಚದ ಪಕ್ಕ, ಜಗಳವಾಡಿ ಮುಖ ತಿರುಗಿಸಿ ಹೊರಟವರ ಬೆನ್ನಿಗೆ, ಎಲ್ಲೆಲ್ಲೂ ಅದೇ. ನೀನು ಸುಮ್ಮನಿದ್ದರೂ ನಾನು ಹಿಡಿದುಕೊಂಡೇ ಇದ್ದೇನೆ, ಅಷ್ಟೇ ಅದರ ಅರ್ಥ.

ಕಡಲಿ ಒಂದು ಸಲ ಎಳೆದು ಬಹಳ ಹೊತ್ತಾಯಿತು. ಹೆದರಿಕೆಯಾಗುತ್ತಿದೆ, ಸುಳ್ಳು ಹೇಳಲಾರೆ. ಬರೆಯುತ್ತಲೇ ಹೇಳಿಕೊಳ್ಳುತ್ತಿದ್ದೇನೆ, ಏಲುಮೆ, ಏಲುಮೆ. ನಿಮ್ಮಲ್ಲೂ ಕಾಯುವವರಿರುತ್ತಾರೆ, ಈ ಪದ ಇಟ್ಟುಕೊಳ್ಳಿ. ಒಂದೇ ಕೋರಿಕೆ: ಹಗ್ಗ ಹಿಡಿಯದೆ ಬರೀ ಬಾಯಲ್ಲಿ ಇದನ್ನು ಹೇಳಬೇಡಿ.

ಎಳೆದಳು. ಒಂದು. ಎರಡು. ಮೂರು!

ಇನ್ನು ಎರಡೂ ಕೈ ಬೇಕು. ಬರಲೇ?