ಹನ್ನೊಂದು ನಿಮಿಷದ ಉಳಿತಾಯ

ಬಸವಕಲ್ಯಾಣ
೧೪ ಮೇ ೨೦೦೫, ಶನಿವಾರ

ಪ್ರೀತಿಯ ಆರ್ಜೂ,

ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮನೆಯಲ್ಲಿ ರಿಸೀವರ್ ಎತ್ತುವವರು ನಿನ್ನ ಅಬ್ಬಾ, ಖಮರುದ್ದೀನ್ ಚಾಚಾ. ಅವರಿಗೆ ಸಲಾಂ ಹೇಳಿ ಮುಗಿಸುವಷ್ಟರಲ್ಲಿ ನನ್ನ ಧೈರ್ಯದ ಬ್ಯಾಟರಿ ಇಳಿದುಹೋಗುತ್ತದೆ. ಅದಕ್ಕೇ ಹುಮನಾಬಾದ್ ಬಸ್ಸಿನ ಕಂಡಕ್ಟರ್ ಮಹೆಬೂಬಭಾಯ್ ಕೈಲಿ ಈ ಪತ್ರ, ಜೊತೆಗೊಂದು ಫ್ಲಾಪಿ. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದೆ: ಒಮ್ಮೆ ನೀರಿಗೆ, ಒಮ್ಮೆ ಬಾಗಿಲಿಗೆ, ಒಮ್ಮೆ ಸುಮ್ಮನೆ.

ನಮ್ಮ ಪ್ರಾಜೆಕ್ಟಿನ ಮೂವತ್ತೆಂಟು ನಿಮಿಷ ಸುಳ್ಳು ಕಣೇ.

ಬ್ಯಾಟರಿ ಉಳಿಸಲು ನಾವು ಬರೆದ ಪ್ರೋಗ್ರಾಮು ಸುಳ್ಳಲ್ಲ. ಅವಸರದ ಕೆಲಸಕ್ಕೆ ಪ್ರೊಸೆಸರ್ ಪೂರ್ತಿ ಓಡಬೇಕು, ಸಾವಕಾಶದ್ದಕ್ಕೆ ಅರ್ಧ ವೇಗ ಸಾಕು. ನಮ್ಮಪ್ಪ ಊಟಕ್ಕೂ ಅಂಗಡಿಗೂ ಇದೇ ಲೆಕ್ಕದಲ್ಲಿ ನಡೆಯುತ್ತಾರೆ. ತಪ್ಪಾದದ್ದು ಅಳತೆಯಲ್ಲಿ. ಗುರುಶಾಂತ ಮಾಮಾನ ಲ್ಯಾಪ್‌ಟಾಪಿನಲ್ಲಿ ಸದಾ ಪೂರ್ತಿ ವೇಗದ ಹಳೆಯ ಪದ್ಧತಿ ಅಳೆದಾಗ ಪರದೆ ಝಗಝಗ. ನಮ್ಮದು ಅಳೆಯುವ ದಿನ ತುಳಜಾಬಾಯಿ ಅಜ್ಜಿ ಪಕ್ಕದಲ್ಲಿ ಕೂತು, “ಕಣ್ಣಿಗಿ ಚುಚ್ಚಾಕತ್ತದವಾ, ಸಣ್ಣ ಮಾಡು” ಅಂದಳು. ಮಾಡಿದೆ. ಬೆಳಕೂ ಮಂದ, ನನ್ನ ಬುದ್ಧಿಯೂ ಮಂದ. ಬ್ಯಾಟರಿ ಮೂವತ್ತೆಂಟು ನಿಮಿಷ ಹೆಚ್ಚು ಬಾಳಿತು, ಮರುದಿನ ಕೇಳಿ ನೀನು ನನ್ನನ್ನು ಎತ್ತಿ ತಿರುಗಿಸಿದೆ.

ನಿನ್ನೆಯಿಂದ ಎರಡನ್ನೂ ಒಂದೇ ಬೆಳಕಿನಲ್ಲಿ ಮತ್ತೆ ಓಡಿಸಿದೆ. ಉಳಿಯುವುದು ಹನ್ನೊಂದು ನಿಮಿಷ. ಆಸೆಗೆ ವೇಗ ಇನ್ನೂ ಇಳಿಸಿದೆ. ಕೆಲಸ ಲಂಬಿಸಿತು, ಅಷ್ಟು ಹೊತ್ತೂ ಪರದೆ ಉರಿಯಿತು, ಉಳಿಸಿದ್ದನ್ನೆಲ್ಲ ಅದೇ ತಿಂದಿತು. ಮೇಲಾಗಿ ಒಂದಕ್ಷರ ಒತ್ತಿದರೆ ಅದು ಚಿಟಗುಪ್ಪ ಸುತ್ತಿ ಬಂದು ಪರದೆಗೆ ಬೀಳುತ್ತಿತ್ತು. ಹಾಗಾಗಿ ಹನ್ನೊಂದೇ ನಮ್ಮ ನಿಜ. ಅದರಲ್ಲಿ ಟೈಪಿಂಗೂ ತಡವರಿಸುವುದಿಲ್ಲ.

ಸೋಮವಾರ ಬರುವ ಪರೀಕ್ಷಕರು ಗಡಿಯಾರ ಇಟ್ಟುಕೊಂಡು ಎದುರೇ ಓಡಿಸಿ ನೋಡುತ್ತಾರಂತೆ. ಮಾತಾಡುವವಳು ನೀನು, ಎಂ.ಟೆಕ್‌ಗೆ ಶಿಫಾರಸು ಬೇಕಾದವಳೂ ನೀನು. ಪಟ್ಟಿಯಲ್ಲಿ ಮೂವತ್ತೆಂಟು, ಗಡಿಯಾರದಲ್ಲಿ ಹನ್ನೊಂದು ಬಂದರೆ ಕಳ್ಳಿ ಎನಿಸಿಕೊಳ್ಳುವವಳೂ ನೀನೇ. ಚಾಚಾ ಆಗಲೇ ಪೇಟೆಯೆಲ್ಲ, “ನಮ್ಮ ಬೇಟಿ ಬ್ಯಾಟರಿಗಿ ಆಯುಷ್ಯ ಕೊಟ್ಟಾಳ್ರಿ” ಅಂತ ಹೇಳಿಕೊಂಡು ಬಂದಿದ್ದಾರೆಂದು ಮಹೆಬೂಬಭಾಯ್ ಹೇಳಿದರು.

ಫ್ಲಾಪಿಯಲ್ಲಿ ಹೊಸ ಪಟ್ಟಿ ಇದೆ. ಹಳೆಯದನ್ನು ಹರಿದುಹಾಕು. ಬಯ್ಯುವುದಿದ್ದರೆ ಪೂರ್ತಿ ವೇಗದಲ್ಲಿ ಬಯ್ದುಬಿಡು, ಅರ್ಧ ವೇಗದ ಮೌನ ನನಗೆ ತಡೆಯದು.

ಬ್ಯಾಟರಿಯ ಚಾರ್ಜಿಗಿಂತ ತನ್ನ ಮೇಲಿನ ಚಾರ್ಜೇ ಜಾಸ್ತಿಯಾದ,
ನಿನ್ನ ಸ್ನೇಹಲ್

ತಾ.ಕ.: ಇನ್ನೊಂದು. ನಾವು ಅಳೆದ ಆ ವಾರ ಅಜ್ಜಿ ಮನೆಯಲ್ಲೇ ಇರಲಿಲ್ಲ, ಬೇಮಳಖೇಡಕ್ಕೆ ಹೋಗಿದ್ದಳು. ಹನ್ನೊಂದು ಅವತ್ತೇ ಬಂದಿತ್ತು. “ಇಷ್ಟೇನಾ?” ಅಂತ ನೀನು ಕೇಳಿದ ದನಿ ತಡೆಯಲಾರದೆ, ನೀನು ಬಸ್ಸಿಗೆ ಹೋದ ಮೇಲೆ ಪರದೆ ಮಂದ ಮಾಡಿ ಇನ್ನೊಮ್ಮೆ ಅಳೆದವಳು ನಾನೇ. ಸೋಮವಾರ ಪರೀಕ್ಷಕರ ಮುಂದೆ ಮೊದಲು ನಾನು ಮಾತಾಡುತ್ತೇನೆ. ಅಜ್ಜಿಯ ಹೆಸರು ಎತ್ತುವುದಿಲ್ಲ.